ಮಣಿಕಟ್ಟಿನ ಕೆಂಪು

ಸಂತೋಷವಾದರೆ ಹಸಿರು, ಸಿಟ್ಟು ಬಂದರೆ ಕೆಂಪು. ಮೈಮೇಲಿನ ಕೂದಲು ಹೀಗೆ ಬಣ್ಣ ತಿರುಗಿ ಮನಸ್ಸಿನಲ್ಲಿದ್ದುದನ್ನೆಲ್ಲ ಬಯಲು ಮಾಡುತ್ತಿದ್ದುದರಿಂದ ಮರ್ಯಾದಸ್ಥರ ಮನೆಯ ಹೆಂಗಸರು ತಪ್ಪದೆ ಪಾರ್ಲರಿಗೆ ಹೋಗಿ ವ್ಯಾಕ್ಸ್ ಮಾಡಿಸಿಕೊಳ್ಳುತ್ತಿದ್ದರು. ಗಂಡಸರದು ಹೇಗಿದ್ದರೂ ನಡೆಯುತ್ತಿತ್ತು.

ಶಶಿರೇಖಾ ಮಾತ್ರ ತೆಗೆಸಿರಲಿಲ್ಲ. ಅವಳನ್ನು ನೋಡಲು ಗಂಡಿನವರು ಬಂದ ದಿನ ಅಮ್ಮ, "ಉದ್ದ ತೋಳಿನ ರವಿಕೆಯಾದ್ರೂ ಹಾಕ್ಕೊಳ್ಳೇ," ಎಂದು ಗೋಗರೆದರು.

"ಸೆಕೆ ಕಣಮ್ಮ," ಎಂದವಳೇ ಕೇಸರಿಬಾತಿನ ತಟ್ಟೆಗಳನ್ನು ಹಿಡಿದು ಹಾಲಿಗೆ ಬಂದಳು.

ಅವಳನ್ನು ನೋಡುತ್ತಲೇ ಹುಡುಗ ಇಂದುಧರನ ಕೈಮೇಲಿನ ಕೂದಲು ಗರಿಕೆಯಂತೆ ಹಸಿರಾಯಿತು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಅವನ ತಾಯಿ ಗಿರಿಜಾಂಬ ಮಾತ್ರ ಹುಡುಗಿಯ ತೋಳನ್ನೇ ನೋಡುತ್ತಿದ್ದರು.

"ನಮ್ಮನೇಲಿ ಹೆಣ್ಣುಮಕ್ಕಳು ಇದನ್ನೆಲ್ಲ ಇಟ್ಕೊಳ್ಳೋ ಪದ್ಧತಿ ಇಲ್ಲಮ್ಮ. ನಮ್ಮತ್ತೆ ಹೇಳಿದ್ರು, ಮೂವತ್ತು ವರ್ಷದಿಂದ ನಾನೂ ತೆಗೆಸ್ತಿದೀನಿ. ಸಂತೋಷವಾಗೇ ತೆಗೆಸ್ತೀನಿ."

ಹೇಳುತ್ತ ಅವರು ತಟ್ಟೆಗೆ ಕೈ ಚಾಚಿದರು. ಬಳೆಗಳು ಹಿಂದೆ ಸರಿದವು. ಮಣಿಕಟ್ಟಿನಲ್ಲಿ ನಾಲ್ಕು ದಿನದ ಕೂದಲು ಆಗಷ್ಟೇ ಚಿಗುರುತ್ತಿತ್ತು, ಬ್ಯಾಡಗಿ ಮೆಣಸಿನಕಾಯಿಯಷ್ಟು ಕೆಂಪಗೆ.

ಶಶಿರೇಖಾ, ಅದು ಬೇರೆಯವರ ಕಣ್ಣಿಗೆ ಬೀಳುವ ಮೊದಲೇ ಗಿರಿಜಾಂಬರ ಸೆರಗನ್ನು ಮೆಲ್ಲಗೆ ಎಳೆದು ಆ ಕೈಮೇಲೆ ಹೊದಿಸಿದಳು.

ಗಿರಿಜಾಂಬ ಸೆರಗಿನಡಿಯಲ್ಲಿ ಮಣಿಕಟ್ಟನ್ನು ಸವರಿಕೊಂಡರು. ಎರಡು ಚಮಚ ಕೇಸರಿಬಾತು ತಿಂದರು. ಆಮೇಲೆ ಪಕ್ಕದಲ್ಲಿ ಕೂತಿದ್ದ ಗಂಡನಿಗೆ ಕೇಳಿಸದ ಹಾಗೆ ಅವಳ ಕಡೆ ಬಾಗಿದರು.

"ಪೂರ್ತಿ ಬೆಳೆಯೋಕೆ ಎಷ್ಟು ದಿನ ಬೇಕಮ್ಮ?"