ಹಿಂದಿನ ಸೀಟಿನ ಗುರು

“ಹಿಂದೆ ಕೂತಿರೋರು ಇಳೀರಿ. ಲೈಸೆನ್ಸ್ ಬೇಕಾಗಿರೋದು ಅಮ್ಮನಿಗೋ, ನಿಮಗೋ?” ಎಂದರು ಇನ್‌ಸ್ಪೆಕ್ಟರ್.

ಪರೀಕ್ಷೆಗೆ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಬ್ರೆಡ್ಡಿನವನು ಕೋಲಿನಂತೆ ಚಾಚಿದ್ದ ಬಲಗಾಲನ್ನು ಎರಡೂ ಕೈಯಿಂದ ಎತ್ತಿಕೊಂಡು ಮೋಟರ್‌ಸೈಕಲ್ಲಿನಿಂದ ಇಳಿದ. ಇಳಿದವನು ಸುಮ್ಮನಿರದೆ ಹೆಂಡತಿಯ ಹೆಲ್ಮೆಟ್ಟಿನ ಪಟ್ಟಿಯನ್ನು ಮತ್ತೊಮ್ಮೆ ಎಳೆದು ನೋಡಿದ. “ಹೋದ ಸಲದ ಹಾಗೆ ನಡುವೆ ತಿರುಗಿ ನನ್ನ ನೋಡ್ಬೇಡ ಕಣೇ.”

“ನೀವು ಹಗ್ಗದಾಚೆ ಹೋಗಿ ನಿಂತ್ಕೊಳ್ಳಿ. ನಿಮ್ಮ ಮುಖ ನೋಡಿದ್ರೆ ಇರೋ ಧೈರ್ಯಾನೂ ಓಡಿಹೋಗತ್ತೆ,” ಎಂದಳು ಅವಳು.

ಮೊದಲೆಲ್ಲ ಇದೇ ಗಾಡಿಯಲ್ಲಿ ಬೆಳಗಿನ ಜಾವ ಬೇಕರಿಯಿಂದ ಬ್ರೆಡ್ ಹೇರಿಕೊಂಡು ಅಂಗಡಿ ಅಂಗಡಿಗೆ ಹಾಕಿಬರುತ್ತಿದ್ದವನು ಅವನೇ. ಮಂಡಿ ಮುರಿದು, ಜೋಡಿಸಿದ ಮೇಲೂ ಅದು ಮಡಚದೇ ಹೋದಾಗ, ಬ್ರೇಕು ಒತ್ತುವ ಕಾಲೇ ಇಲ್ಲದಂತಾಯಿತು. ಮಂಚದ ಮೇಲೆ ಕೂತು, ಯಾರೋ ಮರೆತುಹೋದ ಸಾಮಾನಿನಂತೆ ತನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ದಿನ ಕಳೆಯುತ್ತಿದ್ದ. “ನಾನು ಓಡಿಸ್ತೀನಿ, ನೀವು ಕಲಿಸಿ,” ಎಂದವಳು ಹೆಂಡತಿ. ಬೇಕರಿಯ ಮಾಲೀಕರು ಒಪ್ಪಿದರು, ಆದರೆ ಲೈಸೆನ್ಸ್ ಇಲ್ಲದೆ ಒಂದು ಬ್ರೆಡ್ಡನ್ನೂ ಕೊಡುವುದಿಲ್ಲ, ಈ ತಿಂಗಳು ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರು. ತಿಂಗಳು ಮುಗಿಯುತ್ತ ಬಂದಿತ್ತು.

ಕಲಿಸಿದ್ದೇನೋ ನಿಜ. ಆದರೆ ಹೆಲ್ಮೆಟ್ಟಿನೊಳಗೆ ಮಾತು ಕೇಳುವುದಿಲ್ಲವೆಂದು ಅವನು ಹಿಂದೆ ಕೂತು ತಟ್ಟಿ ತಟ್ಟಿ ಕಲಿಸಿದ. ಎಡಭುಜ ತಟ್ಟಿದರೆ ಎಡಕ್ಕೆ, ಬಲಭುಜ ತಟ್ಟಿದರೆ ಬಲಕ್ಕೆ, ಬೆನ್ನ ನಡುವೆ ತಟ್ಟಿದರೆ ಬ್ರೇಕು. ಹೋದ ಸಲದ ಪರೀಕ್ಷೆಯಲ್ಲಿ ಎಂಟರ ಆಕಾರದ ಗೆರೆಯ ನಟ್ಟನಡುವೆ ಒಬ್ಬಳೇ ಇದ್ದ ಅವಳು ಆ ತಟ್ಟುವ ಕೈಗಾಗಿ ಕಾದಳು. ಬರಲಿಲ್ಲ. ತಿರುಗಿ ನೋಡಿದಳು, ಗಾಡಿ ವಾಲಿತು, ಕಾಲು ನೆಲಕ್ಕೆ ತಾಗಿತು. ಕಾಲು ತಾಗಿದರೆ ಫೇಲು. ಅದು ತನ್ನದೇ ತಪ್ಪು ಎಂಬ ಕೊರಗು ಅವನನ್ನು ಅಂದಿನಿಂದ ಕೊರೆಯುತ್ತಲೇ ಇತ್ತು.

ಹಗ್ಗದಾಚೆ, ತನ್ನ ಸರದಿಗಾಗಿ ಕಾಯುತ್ತಿದ್ದ ಬಣ್ಣ ಬಳಿಯುವವನೊಬ್ಬನ ಹೆಗಲು ಹಿಡಿದು ಬ್ರೆಡ್ಡಿನವನು ನಿಂತ. ಇನ್‌ಸ್ಪೆಕ್ಟರ್ ಕೈ ಬೀಸಿದರು. ಗಾಡಿ ಹೊರಟಿತು.

ಮೊದಲ ತಿರುವು ಬರುತ್ತಿದ್ದಂತೆ ಬ್ರೆಡ್ಡಿನವನು ಮುಂದಿದ್ದ ಬಣ್ಣದವನ ಎಡಭುಜ ತಟ್ಟಿದ. ಅವಳು ಆಗಲೇ ತಿರುಗಿಯಾಗಿತ್ತು. ಬಲಭುಜ ತಟ್ಟಿದ. ಅವಳು ಅಲ್ಲೂ ಮುಂದಿದ್ದಳು. ಗೆರೆಗಳು ಒಂದನ್ನೊಂದು ದಾಟುವ ಆ ಹಾಳು ನಡುಜಾಗ ಬಂತು. ಅವನು ಬೆನ್ನ ನಡುವೆ ಪಟಪಟ ಬಡಿದ.

“ಅಣ್ಣಾ, ಸ್ವಲ್ಪ ನಿಧಾನ! ನನ್ನ ಪರೀಕ್ಷೆ ಇನ್ನೂ ಶುರುವಾಗಿಲ್ಲ,” ಎಂದ ಬಣ್ಣದವನು.

ಅವಳು ಬ್ರೇಕು ಮುಟ್ಟಲಿಲ್ಲ. ತಿರುಗಿ ನೋಡಲಿಲ್ಲ. ಗಾಡಿಯನ್ನು ಒಂದಿಷ್ಟೇ ವಾಲಿಸಿ, ಮಲಗಿದ ಮಗುವಿನ ಪಕ್ಕದಿಂದ ಏಳುವವಳ ಹಾಗೆ ಸದ್ದಿಲ್ಲದೆ ಆ ನಡುಜಾಗವನ್ನು ದಾಟಿಬಿಟ್ಟಳು. ಮತ್ತೊಂದು ಸುತ್ತು. ಮಗದೊಂದು ಸುತ್ತು. ಇಷ್ಟು ವರ್ಷ ಗಾಡಿ ಓಡಿಸಿದ ತನಗೂ ಹೀಗೆ ತಿರುಗಿಸಲು ಬಂದಿರಲಿಲ್ಲ ಎನ್ನಿಸಿ, ಬ್ರೆಡ್ಡಿನವನ ಕೈ ಬಣ್ಣದವನ ಬೆನ್ನ ಮೇಲೆ ಹಾಗೇ ನಿಂತುಹೋಯಿತು.

“ಸಾಕಮ್ಮ, ನಿಲ್ಸಿ! ಇನ್ನೂ ಸುತ್ತಿದ್ರೆ ನನಗೇ ತಲೆ ಸುತ್ತತ್ತೆ,” ಎಂದು ಇನ್‌ಸ್ಪೆಕ್ಟರ್ ನಗುತ್ತ ಸಹಿ ಹಾಕಿದರು. “ಪಾಸು.”

ಅವಳು ಗಾಡಿಯನ್ನು ಹಗ್ಗದ ಪಕ್ಕ ತಂದು ನಿಲ್ಲಿಸಿದಳು. ಅವನಿಗೆ ಮೊದಲು ಸಿಕ್ಕಿದ ಮಾತು, “ನಾನು ಬ್ರೇಕ್ ಅಂತ ತಟ್ಟಿದ್ದೆ.”

“ಯಾರಿಗೆ?”

“ನನಗೆ ಅಕ್ಕಾ,” ಎಂದ ಬಣ್ಣದವನು ಬೆನ್ನು ಸವರಿಕೊಳ್ಳುತ್ತ.

“ಅಲ್ಲಿ ಬ್ರೇಕ್ ಹಾಕಿದ್ರೆ ಕಾಲು ಇಡ್ಲೇಬೇಕಾಗತ್ತೆ ಕಣ್ರೀ. ಕ್ಲಚ್ ಅರ್ಧ ಹಿಡ್ಕೊಂಡು ವಾಲಿಸ್ಬೇಕು.”

“ಇದನ್ನ ನಾನು ಹೇಳ್ಕೊಟ್ಟಿಲ್ವಲ್ಲ?”

“ನೆಲ ಹೇಳ್ಕೊಡ್ತು. ನೀವು ಆಸ್ಪತ್ರೇಲಿ ಕಾಲಿಗೆ ವ್ಯಾಯಾಮ ಮಾಡಿಸ್ಕೊಳ್ಳೋವಾಗ ನಾನು ಬೆಂಚಿನ ಮೇಲೆ ಕೂತಿರ್ತೀನಿ ಅಂದ್ಕೊಂಡಿದ್ರಾ? ಹಿಂದೆ ಖಾಲಿ ಜಾಗ ಇದೆಯಲ್ಲ, ಅಲ್ಲಿ ಒಬ್ಳೇ ಓಡಿಸಿ ಬಿದ್ದು ಬಿದ್ದು ಕಲಿತೆ.”

ಬಾಗಿಲು ತಗುಲಿತು ಎಂದು ಅವಳು ಹೇಳಿದ್ದ ಮೊಣಕೈ ಗಾಯವನ್ನು ಅವನು ಈಗ ಸರಿಯಾಗಿ ನೋಡಿದ. “ಹಾಗಾದ್ರೆ ದಿನಾ ಸಾಯಂಕಾಲ ನನ್ನನ್ನ ಹಿಂದೆ ಕೂರಿಸ್ಕೊಂಡು ಯಾಕೆ ತಟ್ಟಿಸ್ಕೊಳ್ತಿದ್ದೆ?”

ಅವಳು ಕನ್ನಡಿ ಸರಿಯಾಗಿಯೇ ಇದ್ದರೂ ಅದನ್ನು ಅತ್ತಿತ್ತ ತಿರುಗಿಸಿದಳು. “ನಿಮ್ಮ ಕೈ ಸುಮ್ನೆ ಬಿದ್ದಿರೋದು ನೋಡೋಕೆ ಆಗ್ತಿರ್ಲಿಲ್ಲ. ಹತ್ತಿ, ಬೇಕರಿಗೆ ಹೋಗಿ ಹೇಳ್ಬೇಕು.”

ಅವನು ಹತ್ತಿದ. ಇನ್ನು ತಟ್ಟಬಾರದು ಎಂದು ನಿರ್ಧರಿಸಿ ಕೈಗಳನ್ನು ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡ.

ಬೇಕರಿಗೆ ಎಡಕ್ಕೆ ತಿರುಗಬೇಕಾದ ಕೂಡುರಸ್ತೆಯಲ್ಲಿ ಗಾಡಿ ನಿಂತಿತು. ಎದುರಿಗೆ ಯಾವ ವಾಹನವೂ ಇರಲಿಲ್ಲ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಅವಳು ಅಲುಗಲಿಲ್ಲ. ಏನಾಯಿತೆಂದು ಅವನು ಬಗ್ಗಿ ನೋಡಿದ. ಎಡಗಡೆಯ ದೀಪ ಆಗಲೇ ಮಿನುಗುತ್ತಿತ್ತು.

ಅವನು ಕೈಯೆತ್ತಿ ಅವಳ ಎಡಭುಜವನ್ನು ಮೆಲ್ಲಗೆ ತಟ್ಟಿದ. ಗಾಡಿ ತಿರುಗಿತು.