ಅದಕ್ಕೆ ಸೇರಿದ್ದೆಲ್ಲ

ಭಾನುವಾರಗಳಲ್ಲಿ ಮನೆಯಲ್ಲಿ ಕೂತು ಬರೆದ ಆ್ಯಪ್ ಕೂಡ ಕಂಪನಿಯದೇ ಎಂದರೆ ಯಾರು ತಾನೇ ಸುಮ್ಮನಿರುತ್ತಾರೆ? ಗುರುಬಸವ ಜಗಳಕ್ಕೆ ನಿಲ್ಲುವುದು ಖಂಡಿತ ಎಂದುಕೊಂಡು ಎಚ್.ಆರ್. ಮ್ಯಾನೇಜರ್ ಪ್ರಮೋದಿನಿ ವಕೀಲರನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಅವನು ಆ್ಯಪ್ ಬಿಟ್ಟುಕೊಡುವ ಕಾಗದ ಓದಿ ಪೆನ್ನು ಕೇಳಿದ.

ಅವಳಿಗೆ ಅನುಮಾನ ಬಂತು.

"ಒಂದು ನಿಮಿಷ. ನಿಮ್ಮ ಇಡೀ ಬಡಾವಣೆ ನೀರಿನ ಟ್ಯಾಂಕರ್ ತರಿಸೋದು ಇದರಲ್ಲೇ ಅಲ್ವಾ? ಇಷ್ಟು ಸುಲಭವಾಗಿ ಬಿಟ್ಟುಕೊಡ್ತೀರಾ?"

"ಕೆಲಸಕ್ಕೆ ಸೇರುವಾಗಲೇ ಒಪ್ಪಿ ಸಹಿ ಹಾಕಿದ್ದೀನಲ್ಲ, ಮೇಡಂ."

"ಏನಾದರೂ ಮುಚ್ಚಿಟ್ಟುಕೊಂಡಿದ್ದೀರಾ?"

"ಇಲ್ಲ, ಮೇಡಂ."

ಅವನ ಮುಖದಲ್ಲಿದ್ದ ನೆಮ್ಮದಿ ಅವಳಿಗೆ ಸರಿಕಾಣಲಿಲ್ಲ. ವಕೀಲರ ಕೈಯಿಂದ ಕಾಗದ ಎಳೆದುಕೊಂಡು, ಕೊನೆಯಲ್ಲಿ ತಾನೇ ಒಂದು ಸಾಲು ಸೇರಿಸಿದಳು: 'ಅದಕ್ಕೆ ಸೇರಿದ್ದೆಲ್ಲ ಈ ಕ್ಷಣದಿಂದ ಕಂಪನಿಯ ಪರವಾಗಿ ಪ್ರಮೋದಿನಿಯವರ ವಶಕ್ಕೆ.'

ಗುರುಬಸವ ಆ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದ. ಆಮೇಲೆ ಜೇಬಿನಿಂದ ಹಳೆಯ ಬಟನ್ ಫೋನೊಂದನ್ನು ತೆಗೆದು ಅವಳ ಮುಂದಿಟ್ಟ.

"ದೂರು ಹೇಳೋಕೆ ಅಂತ ಆ್ಯಪ್‌ನಲ್ಲಿ ಕೊಟ್ಟಿರೋ ನಂಬರ್ ಇದರದ್ದೇ, ಮೇಡಂ."

ಅವನು ಬಾಗಿಲು ದಾಟುವ ಮೊದಲೇ ಫೋನು ಬಡಿದುಕೊಂಡಿತು. ಪ್ರಮೋದಿನಿ ಎತ್ತಿದಳು.

"ಏನ್ರೀ, ಮೂರು ದಿನದಿಂದ ಮನೇಲಿ ಒಂದು ಚೊಂಬು ನೀರಿಲ್ಲ, ಎಲ್ರೀ ನಿಮ್ಮ ಟ್ಯಾಂಕರ್ರು?"