ತುಂಬದ ಕೆನ್ನೆ

ಎಣ್ಣೆಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದರೆ ಈಗಲೂ ದೊಡ್ಡಬಳ್ಳಾಪುರದ ಆ ಮಧ್ಯಾಹ್ನ ನೆನಪಾಗುತ್ತದೆ. ಸೀರೆಯ ಅಂಚಿಗೆ ಚಿತ್ತಾರ ಬರೆಯುತ್ತಿದ್ದ ಅಪ್ಪ ಊರಿನ ಚಿತ್ರಸ್ಪರ್ಧೆಗೆ ಸೇರಿದ್ದರು. ವಿಷಯ ‘ಪ್ರಪಂಚದ ಹಸಿವು’. ಅವರು ಬರೆದದ್ದು ಪಕ್ಕದ ಮನೆಯ ರಂಗಕ್ಕನನ್ನು, ಅವಳ ಮಡಿಲಲ್ಲಿ, ಹಿಂದಿನ ತಿಂಗಳು ಹಾಲಿಲ್ಲದೆ ತೀರಿಹೋದ ಕೂಸನ್ನು.

“ಇದು ನಮ್ಮೂರ ಹೆಂಗಸಲ್ವೇನಪ್ಪಾ? ನಾವು ಕೇಳಿದ್ದು ಪ್ರಪಂಚದ್ದು” ಎಂದು ತೀರ್ಪುಗಾರರು ಚಿತ್ರವನ್ನು ವಾಪಸ್ ಕೊಟ್ಟರು. ಅಪ್ಪ ನನ್ನ ಕೈಹಿಡಿದು ಮನೆಗೆ ಬಂದರು.

ಜಗಲಿಯ ಮೇಲಿಟ್ಟ ಚಿತ್ರದ ಮುಂದೆ ರಂಗಕ್ಕ ಬಹಳ ಹೊತ್ತು ಕೂತಿದ್ದಳು. ಇನ್ನೂ ಅಂಟಂಟಾಗಿದ್ದ ಬಣ್ಣ ಮುಟ್ಟಲು ಹೋಗಿ ಬೆರಳು ಹಿಂದೆಗೆದಳು.

“ಅಣ್ಣಾ, ಮಗೀಗೆ ಕೆನ್ನೆ ಒಂಚೂರು ತುಂಬ್ಸಿ ಬರೀರಣ್ಣಾ” ಎಂದಳು.

ಅಪ್ಪ ಕುಂಚ ಅದ್ದಿಕೊಂಡು ಕೂತರು. ಸಂಜೆಯಾದರೂ ಕೈಯಾಡಲಿಲ್ಲ. ಆ ಕೂಸಿನ ಕೆನ್ನೆ ತುಂಬಿದ್ದನ್ನು ಅವರು ಒಂದು ದಿನವೂ ಕಂಡಿರಲಿಲ್ಲ.